ಓದುಗರ ಪ್ರಶ್ನೆ: ಕ್ರೈಫ್ ಮಗನಿಗೆ ಜಾಗ ಸಿಕ್ಕಿದ್ದು ಅಪ್ಪನಿಂದಲೇ ಅಲ್ವಾ?

ಈ ಪ್ರಶ್ನೆ ವರ್ಷಕ್ಕೆ ನಾಲ್ಕು ಸಲವಾದರೂ ಬರುತ್ತದೆ. ಈ ಸಲ ಸದಾಶಿವಗಡದ ಓದುಗರೊಬ್ಬರು ಕೇಳಿದ್ದಾರೆ: "ಯೋಹಾನ್ ಕ್ರೈಫ್ ಮಗ ಜೋರ್ಡಿ ಬಾರ್ಸಿಲೋನಾಗೆ ಆಡಿದ್ದು ಅಪ್ಪ ಕೋಚ್ ಆಗಿದ್ದಕ್ಕೆ ತಾನೆ? ಇಲ್ಲದಿದ್ದರೆ ಅವನನ್ನು ಯಾರು ಕೇಳುತ್ತಿದ್ದರು?"

ಯೋಹಾನ್ ಕ್ರೈಫ್ ಅಂದರೆ ನೆದರ್ಲೆಂಡ್ಸ್‌ನ ಫುಟ್‌ಬಾಲ್ ದಂತಕಥೆ, ಬಾರ್ಸಿಲೋನಾ ಅಂದರೆ ಸ್ಪೇನಿನ ದೊಡ್ಡ ಫುಟ್‌ಬಾಲ್ ಕ್ಲಬ್ಬು. ಓದುಗರ ಮೊದಲನೇ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಎರಡನೇದು ಪೂರ್ತಿ ತಪ್ಪು. ಹಿಂದೆಯೂ ಹೇಳಿದ್ದೇನೆ, ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

1994ರಲ್ಲಿ ಜೋರ್ಡಿ ಬಾರ್ಸಿಲೋನಾದ ಮೊದಲ ತಂಡಕ್ಕೆ ಬಂದಾಗ ಕೋಚ್ ಆಗಿದ್ದವರು ಅಪ್ಪನೇ. ಅಷ್ಟು ಒಪ್ಪಿಕೊಳ್ಳೋಣ. ಈಗ 1996ಕ್ಕೆ ಬನ್ನಿ. ಮೇ ತಿಂಗಳಲ್ಲಿ ಕ್ಲಬ್ಬಿನವರು ಅಪ್ಪನನ್ನು ಕೆಲಸದಿಂದ ತೆಗೆದರು. ಬರೀ ವಶೀಲಿಯ ಮೇಲೆ ಬಂದ ಹುಡುಗನಾಗಿದ್ದರೆ ಅವನ ಕಥೆಯೂ ಅಲ್ಲಿಗೇ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಮರುತಿಂಗಳೇ ನೆದರ್ಲೆಂಡ್ಸ್ ಪರ ಯೂರೋ ಕಪ್ ಆಡಿ ಸ್ವಿಟ್ಜರ್ಲೆಂಡ್ ವಿರುದ್ಧ ಗೋಲು ಹೊಡೆದ. ಆ ತಂಡವನ್ನು ಆರಿಸಿದ್ದು ಕೋಚ್ ಗುಸ್ ಹಿಡಿಂಕ್, ಅಪ್ಪನಲ್ಲ. ಆಗಸ್ಟಿನಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬು ಅವನನ್ನು ಕೊಂಡಿತು. ಅಲ್ಲಿ ಕೋಚ್ ಆಗಿದ್ದವರು ಅಲೆಕ್ಸ್ ಫರ್ಗುಸನ್, ಸ್ವಂತ ಮಗ ಡ್ಯಾರನ್‌ನನ್ನೇ 1994ರಲ್ಲಿ ವುಲ್ವ್ಸ್ ತಂಡಕ್ಕೆ ಬಿಟ್ಟುಕೊಟ್ಟ ಮನುಷ್ಯ. ಅಂಥವರು ಇನ್ನೊಬ್ಬರ ಮಗನಿಗೆ ಸುಮ್ನೆ ಜಾಗ ಕೊಡುತ್ತಾರಾ?

ಅಲ್ಲಿ ಗಾಯಗಳು ಅವನನ್ನು ಬಿಡಲಿಲ್ಲ, ಅದು ನಿಜ. ನಾಲ್ಕು ವರ್ಷದ ನಂತರ ಸ್ಪೇನಿನ ಅಲಾವೆಸ್ ಅನ್ನುವ ಸಣ್ಣ ಕ್ಲಬ್ಬಿಗೆ ಹೋದ. "ಬಿದ್ದುಹೋದ" ಅಂತ ಜನ ಹೇಳುವುದು ಇಲ್ಲಿಂದಲೇ. ಹಾಗೆ ಹೇಳುವವರು ದಯವಿಟ್ಟು ಯುರೋಪಿನ ಕ್ಲಬ್ಬುಗಳ ನಡುವೆ ನಡೆದ 16 ಮೇ 2001ರ ಯುಇಎಫ್‌ಎ ಕಪ್ ಫೈನಲ್ ಒಂದು ಸಲ ನೋಡಿ. ಡಾರ್ಟ್ಮುಂಡ್‌ನಲ್ಲಿ ಎದುರಾಳಿ ಲಿವರ್‌ಪೂಲ್. ಅಲಾವೆಸ್ ಯುರೋಪಿನ ಟೂರ್ನಿ ಆಡುತ್ತಿದ್ದದ್ದೇ ಅದು ಮೊದಲ ಸಲ. ಅರ್ಧ ಆಟಕ್ಕೆ 3-1ರಿಂದ ಹಿಂದೆ. ಎದ್ದು ಬಂದು 3-3 ಮಾಡಿದರು, ಮತ್ತೆ 4-3 ಆಯಿತು. ಇನ್ನೇನು ಒಂದೆರಡು ನಿಮಿಷ ಉಳಿದಿದೆ ಅನ್ನುವಾಗ ಕಾರ್ನರ್‌ನಿಂದ ಬಂದ ಚೆಂಡಿಗೆ ಜೋರ್ಡಿ ಎಲ್ಲರಿಗಿಂತ ಮೊದಲು ಎಗರಿ ತಲೆ ಕೊಟ್ಟ, 4-4. ಹೆಚ್ಚುವರಿ ಸಮಯದಲ್ಲಿ ತಮ್ಮದೇ ಆಟಗಾರನ ತಲೆಗೆ ತಾಗಿ ಚೆಂಡು ಒಳಗೆ ಹೋಗಿ ಸೋತರು. ಆ ಗೋಲು ಹೊಡೆಯುವಾಗ ಅಪ್ಪ ಬೆಂಚಿನಲ್ಲಿ ಇರಲಿಲ್ಲ. ನೆದರ್ಲೆಂಡ್ಸ್‌ಗೆ 9 ಪಂದ್ಯ ಆಡಿದವನನ್ನು ನಾವು "ಏನೂ ಆಗಲಿಲ್ಲ" ಅನ್ನುವುದು ಅವನ ಅಪ್ಪ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡೋರ್ ಪ್ರಶಸ್ತಿಯನ್ನು ಮೂರು ಸಲ ಗೆದ್ದದ್ದಕ್ಕೆ ಮಾತ್ರ. ಬೇರೆ ಯಾರದಾದರೂ ಮಗನಾಗಿದ್ದರೆ ಊರು ಹಬ್ಬ ಮಾಡುತ್ತಿತ್ತು.

ಇನ್ನೊಂದು ಮಾತು. ಅವನ ಅಂಗಿಯ ಬೆನ್ನಿನ ಮೇಲೆ "ಕ್ರೈಫ್" ಅಂತ ಇರಲಿಲ್ಲ, "ಜೋರ್ಡಿ" ಅಂತ ಇತ್ತು. ಸರ್ವಾಧಿಕಾರಿ ಫ್ರಾಂಕೋ ಕಾಲದ ಸ್ಪೇನಿನಲ್ಲಿ ಬಾರ್ಸಿಲೋನಾ ಕಡೆಯ ಕ್ಯಾಟಲನ್ ಭಾಷೆಯ ಹೆಸರು ಇಡಲು ಬಿಡುತ್ತಿರಲಿಲ್ಲ. 1974ರಲ್ಲಿ ಮಗು ಹುಟ್ಟಿದಾಗ ಅಪ್ಪ ಹಟ ಹಿಡಿದು ಇಟ್ಟ ಹೆಸರು ಅದು. ನನಗೆ ಇದು ತುಂಬಾ ಇಷ್ಟ. ಅಪ್ಪ ಕೊಟ್ಟದ್ದರಲ್ಲಿ ಅವನು ಬೆನ್ನಿಗೆ ಹಾಕಿಕೊಂಡದ್ದು ತನಗೊಬ್ಬನಿಗೇ ಸೇರಿದ್ದನ್ನು.

ಹಾಗಾದರೆ ಅಪ್ಪ ಮಗನಿಗೆ ಕೋಚ್ ಆಗಬಹುದಾ? ಇದನ್ನು ಯಾರೂ ಕೇಳಲಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ ಇದೇ ಅಂತ ನನಗೆ ಅನಿಸುತ್ತದೆ. ಆಗಬಹುದು. 1998ರ ವಿಶ್ವಕಪ್‌ನಲ್ಲಿ ಇಟಲಿಗೆ ಚೆಸಾರೆ ಮಾಲ್ಡಿನಿ ಕೋಚ್, ಮಗ ಪಾವ್ಲೊ ಕ್ಯಾಪ್ಟನ್. ಅಪ್ಪ 1963ರಲ್ಲಿ ಇಟಲಿಯ ಮಿಲಾನ್ ಕ್ಲಬ್ಬಿನ ಕ್ಯಾಪ್ಟನ್ ಆಗಿ ಯುರೋಪಿಯನ್ ಕಪ್ ಎತ್ತಿದ್ದರು. ಸರಿಯಾಗಿ 40 ವರ್ಷದ ನಂತರ ಮಗನೂ ಅದೇ ಮಿಲಾನ್‌ಗೆ ಕ್ಯಾಪ್ಟನ್ ಆಗಿ ಎತ್ತಿದ. ಆದರೆ ಎಲ್ಲ ಮನೆಯಲ್ಲೂ ಇದು ನಡೆಯುವುದಿಲ್ಲ.

ನಮ್ಮ ಕಾರವಾರದ ಕಡಲತೀರದಲ್ಲೇ ನೋಡಿದ್ದೇನೆ. ಸಂಜೆ ನೀರು ಇಳಿದ ಮೇಲೆ ಒದ್ದೆ ಮರಳಿನಲ್ಲಿ ಹುಡುಗರು ಬರಿಗಾಲಲ್ಲಿ ಆಡುತ್ತಾರೆ, ಎರಡು ಜೊತೆ ಚಪ್ಪಲಿ ಇಟ್ಟರೆ ಗೋಲ್ ಪೋಸ್ಟ್. ಅದರಲ್ಲಿ ಒಬ್ಬ ಹುಡುಗನ ಅಪ್ಪ ಗೋವಾದ ತಂಡಗಳಿಗೆ ಆಡಿ ಬಂದವರು. ಅಪ್ಪ ಗೆರೆಯ ಪಕ್ಕ ನಿಂತರೆ ಸಾಕು, ಹುಡುಗ ಪ್ರತಿ ಪಾಸಿಗೂ ಮೊದಲು ತಲೆ ಎತ್ತಿ ಅವರ ಮುಖ ನೋಡುತ್ತಿದ್ದ. ಅಷ್ಟರಲ್ಲಿ ಚೆಂಡು ಇನ್ನೊಬ್ಬರ ಕಾಲಿಗೆ ಹೋಗಿರುತ್ತಿತ್ತು. "ಅಪ್ಪನ ಕಾಲು ಇವನಿಗೆ ಬರಲಿಲ್ಲ" ಅಂತ ನೋಡುವವರೆಲ್ಲ ತೀರ್ಪು ಕೊಟ್ಟಾಗಿತ್ತು.

ನಾನು ಅವರ ಹತ್ತಿರ ಹೋಗಿ, "ಅಣ್ಣಾ, ಒಂದು ವಾರ ಮ್ಯೂಸಿಯಂ ಮಾಡಿರುವ ಆ ಚಾಪೆಲ್ ಯುದ್ಧನೌಕೆ ಹತ್ತಿರ ನಿಂತು ನೋಡಿ" ಅಂದೆ. ಬೇಜಾರು ಮಾಡಿಕೊಳ್ಳದೆ ಹೋದರು. ಮೊದಲೆರಡು ದಿನ ಹುಡುಗ ಆಚೀಚೆ ತಿರುಗಿ ಹುಡುಕಿದ. ಮೂರನೇ ದಿನ ಕತ್ತಲಾಗಿ ಚೆಂಡು ಕಾಣದಿರುವ ತನಕ ಆಡಿದ, ದಡದ ಕಡೆ ಒಮ್ಮೆಯೂ ನೋಡಲಿಲ್ಲ.