ಅಡ್ರೆಸ್ ಒಂದೇ ಸಾಲದು: ಫಾರ್ಮ್ ತುಂಬಿ ಪಡೆಯುವ ಡೌನ್‌ಲೋಡ್‌ನ ಹಳೇ ತಕರಾರು

ರಾಯಚೂರಿನಲ್ಲಿ ನಾನು ಬ್ರೌಸಿಂಗ್ ಸೆಂಟರ್ ನೋಡಿಕೊಳ್ಳುತ್ತಿದ್ದಾಗ ರಿಸಲ್ಟ್ ದಿನ ಅಂದ್ರೆ ಜಾತ್ರೆ. ಮಾನ್ವಿ, ದೇವದುರ್ಗ, ಲಿಂಗಸೂಗೂರು ಕಡೆಯ ಹುಡುಗರು ಬೆಳಗಿನ ಬಸ್ಸಿಗೇ ಬಂದು ನಿಲ್ಲುತ್ತಿದ್ದರು. ರಿಜಿಸ್ಟರ್ ನಂಬರ್, ಹುಟ್ಟಿದ ತಾರೀಖು ಹಾಕಿ ಸಬ್‌ಮಿಟ್ ಒತ್ತಿದರೆ ಅಂಕಪಟ್ಟಿಯ ಪಿಡಿಎಫ್ ಇಳಿಯುತ್ತಿತ್ತು. ಪೆನ್ ಡ್ರೈವ್‌ಗೆ ಹಾಕಿ ಕಳಿಸುತ್ತಿದ್ದೆ.

ಒಮ್ಮೆ ದೇವದುರ್ಗದ ಹುಡುಗನೊಬ್ಬ ಮರುದಿನವೇ ವಾಪಸ್ ಬಂದ. "ಅಣ್ಣಾ, ಇದು ಓಪನ್ನೇ ಆಗವಲ್ದು" ಅಂದ. ಫೈಲ್ ನೋಡಿದೆ. ಬರೀ 4 ಕೆಬಿ ಇತ್ತು. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಒಳಗೆ ಅಂಕಪಟ್ಟಿ ಇರಲಿಲ್ಲ. ಏನೂ ತುಂಬದ ಅದೇ ಫಾರ್ಮ್‌ನ ಪುಟ ಇತ್ತು, ಹೆಸರಿಗೆ ಮಾತ್ರ ಪಿಡಿಎಫ್. ನಾನು ಹಾಕಿಕೊಂಡಿದ್ದ ಡೌನ್‌ಲೋಡ್ ಮ್ಯಾನೇಜರ್, ಅಂದ್ರೆ ಬ್ರೌಸರ್ ಬದಲು ತಾನೇ ಫೈಲ್ ಇಳಿಸುವ ಪ್ರೋಗ್ರಾಂ, ಹಾಗೆ ಮಾಡಿತ್ತು. ಆ ಹುಡುಗನ ಒಂದು ದಿನ, ಬಸ್ ಚಾರ್ಜು ಎರಡೂ ಹೋದವು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ತಾಲೂಕು ಕಚೇರಿಯ ಕೌಂಟರ್ ನೆನಪು ಮಾಡಿಕೊಳ್ಳಿ. ಸರ್ವೆ ನಂಬರ್ ಬರೆದ ಅರ್ಜಿ ಕೊಟ್ಟರೆ ಪಹಣಿ ಕೊಡುತ್ತಾರೆ. ನೀವು ಅರ್ಜಿ ಕೊಟ್ಟು ಬಂದು, ಪಹಣಿ ತರಲು ತಮ್ಮನನ್ನು ಕಳಿಸಿದಿರಿ ಅಂದುಕೊಳ್ಳಿ. ಅವನಿಗೆ ಕಚೇರಿಯ ಅಡ್ರೆಸ್ ಮಾತ್ರ ಹೇಳಿದ್ದೀರಿ. ಕೌಂಟರಿನವರು ಅವನ ಕೈಗೆ ಇನ್ನೊಂದು ಖಾಲಿ ಅರ್ಜಿ ಕೊಟ್ಟು ಕಳಿಸುತ್ತಾರೆ, ಅಲ್ವಾ? ನನ್ನ ಸೆಂಟರ್‌ನಲ್ಲಿ ಆಗಿದ್ದೂ ಇದೇ. ಬ್ರೌಸರ್ ಆ ಮ್ಯಾನೇಜರ್‌ಗೆ ಅಡ್ರೆಸ್ ಕೊಟ್ಟಿತು, ತುಂಬಿದ ಫಾರ್ಮ್ ಕೊಡಲಿಲ್ಲ.

ಇದರ ಬೇರು ವೆಬ್‌ನ ಮೊದಲ ದಿನಗಳಲ್ಲಿದೆ. ಬ್ರೌಸರ್ ಮತ್ತು ಸೈಟ್‌ನ ಸರ್ವರ್ ಕಂಪ್ಯೂಟರ್ ಮಾತಾಡುವ ನಿಯಮಕ್ಕೆ ಎಚ್‌ಟಿಟಿಪಿ ಅಂತಾರೆ. 1991ರ ಎಚ್‌ಟಿಟಿಪಿಯಲ್ಲಿ ಕೇಳುವ ಬಗೆ ಇದ್ದಿದ್ದು ಗೆಟ್ ಒಂದೇ. ಅಡ್ರೆಸ್ ಹೇಳು, ಪುಟ ತಗೋ, ಅಷ್ಟೇ. 1996ರಲ್ಲಿ ಎಚ್‌ಟಿಟಿಪಿ 1.0 ದಾಖಲೆಯಾಗಿ ಹೊರಬಂದಾಗ ಅದರಲ್ಲಿ ಪೋಸ್ಟ್ ಅನ್ನುವ ಇನ್ನೊಂದು ಬಗೆ ಕೂಡ ಇತ್ತು. ಗೆಟ್‌ನಲ್ಲಿ ತುಂಬಿದ ವಿವರ ಅಡ್ರೆಸ್‌ನ ಬಾಲಕ್ಕೆ ಅಂಟಿಕೊಳ್ಳುತ್ತದೆ. ಅಡ್ರೆಸ್ ಕಾಪಿ ಮಾಡಿದರೆ ವಿವರವೂ ಜೊತೆಗೇ ಬರುತ್ತದೆ. ಪೋಸ್ಟ್‌ನಲ್ಲಿ ಹಾಗಲ್ಲ. ವಿವರ ಪ್ರತ್ಯೇಕವಾಗಿ, ಲಕೋಟೆಯೊಳಗಿನ ಕಾಗದದ ಹಾಗೆ ಹೋಗುತ್ತದೆ. ಹೊರಗಿನ ವಿಳಾಸ ನೋಡಿದರೆ ಒಳಗೇನಿದೆ ಅಂತ ಗೊತ್ತಾಗುವುದಿಲ್ಲ.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಡೌನ್‌ಲೋಡ್ ಮ್ಯಾನೇಜರ್‌ಗಳೂ ಬಂದವು. ಗೆಟ್‌ರೈಟ್, ಫ್ಲ್ಯಾಶ್‌ಗೆಟ್, ಆಮೇಲೆ ಐಡಿಎಂ (ಇಂಟರ್ನೆಟ್ ಡೌನ್‌ಲೋಡ್ ಮ್ಯಾನೇಜರ್). ನಮ್ಮ ಕಡೆ ಇವು ಶೋಕಿಗೆ ಇದ್ದವಲ್ಲ. ಶಕ್ತಿನಗರದ ದೊಡ್ಡ ವಿದ್ಯುತ್ ಸ್ಥಾವರ ಪಕ್ಕದಲ್ಲೇ ಇದ್ದರೂ ನಮ್ಮಲ್ಲಿ ಕರೆಂಟ್ ಹೋಗೋದು ತಪ್ಪುತ್ತಿರಲಿಲ್ಲ. ಫೋನ್ ಲೈನ್ ಮೇಲೆ ಗಂಟೆಗಟ್ಟಲೆ ಇಳಿದ ಫೈಲ್ ಅರ್ಧಕ್ಕೆ ನಿಂತರೆ ಮತ್ತೆ ಮೊದಲಿಂದ ಶುರು. ನಿಂತಲ್ಲಿಂದ ಮುಂದುವರಿಸುವ ಸೌಲಭ್ಯ ಎಚ್‌ಟಿಟಿಪಿ 1.1ರ ಜೊತೆ 1997ರಲ್ಲಿ ನಿಯಮದ ರೂಪ ಪಡೆಯಿತು. "ಇಷ್ಟನೇ ಬೈಟ್‌ನಿಂದ ಕೊಡು" ಅಂತ ಕೇಳುವ ದಾರಿ ಅದು. ಸರ್ವರ್ ಒಪ್ಪಿದರೆ 206, ಅಂದ್ರೆ "ಕೇಳಿದ ತುಂಡು ಇದೋ" ಅನ್ನುವ ಉತ್ತರ ಬರುತ್ತದೆ.

ಆದರೆ ಆ ದಾರಿಯನ್ನು ನಿಯಮ ಬರೆದವರು ಗೆಟ್‌ಗೆ ಮಾತ್ರ ಹಾಕಿಕೊಟ್ಟರು. ಇದಕ್ಕೆ ಕಾರಣವೂ ಇದೆ. ಗೆಟ್ ಎಷ್ಟು ಸಲ ಕೇಳಿದರೂ ತೊಂದರೆ ಇಲ್ಲ. ಪೋಸ್ಟ್ ಅಂದರೆ ಏನೋ ಒಂದು ಕೆಲಸ ಆಗಬಹುದು: ಹಣ ಕಟ್ಟಿದಂತೆ, ಅರ್ಜಿ ದಾಖಲಾದಂತೆ. ಮ್ಯಾನೇಜರ್ ಒಂದು ಫೈಲನ್ನು 8 ತುಂಡು ಮಾಡಿ ತರಲು ಹೋದರೆ, ಅದೇ ಅರ್ಜಿ 8 ಸಲ ಸಲ್ಲಿಕೆಯಾದೀತು. ಪುಟ ರಿಫ್ರೆಶ್ ಮಾಡಿದಾಗ "ಮತ್ತೆ ಕಳಿಸಲಾ?" ಅಂತ ಬ್ರೌಸರ್ ಕೇಳುವುದೂ ಇದೇ ಭಯದಿಂದ.

ಹಾಗಂತ ಯಾರೂ ಕೈಕಟ್ಟಿ ಕೂತಿರಲಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್ 5.5ರಲ್ಲಿ ಮೈಕ್ರೋಸಾಫ್ಟ್ ಇದಕ್ಕೆಂದೇ ಒಂದು ಬಾಗಿಲು ಇಟ್ಟಿತು. ಡೌನ್‌ಲೋಡನ್ನು ಬೇರೆ ಪ್ರೋಗ್ರಾಂಗೆ ಒಪ್ಪಿಸುವಾಗ ಗೆಟ್ಟೋ ಪೋಸ್ಟೋ, ಜೊತೆಗಿದ್ದ ವಿವರ ಏನು, ಎಲ್ಲವನ್ನೂ ಅದರಲ್ಲಿ ದಾಟಿಸಬಹುದಿತ್ತು. ಕಮಾಂಡ್ ಸಾಲಿನಲ್ಲಿ ಓಡುವ ವಿಗೆಟ್ ಅನ್ನುವ ಡೌನ್‌ಲೋಡ್ ಪ್ರೋಗ್ರಾಂಗೆ 2003ರಲ್ಲಿ ಪೋಸ್ಟ್ ವಿವರ ಕಳಿಸುವ ಆಯ್ಕೆ ಬಂತು. ಫೈರ್‌ಫಾಕ್ಸ್ ಬ್ರೌಸರ್ ಬಳಸುವವರಿಗೆ ಆಸರೆಯಾಗಿದ್ದು ಫ್ಲ್ಯಾಶ್‌ಗಾಟ್ ಅನ್ನುವ ಆಡ್‌ಆನ್, ಅಂದ್ರೆ ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂ. ಅದನ್ನು ಮಾಡಿದವರು ಇಟಲಿಯ ಜಾರ್ಜೋ ಮಾವೋನೆ, ನೋಸ್ಕ್ರಿಪ್ಟ್ ಅನ್ನುವ ಸುರಕ್ಷತೆಯ ಆಡ್‌ಆನ್ ಕೊಟ್ಟವರೂ ಅವರೇ. ಯಾವ ಮ್ಯಾನೇಜರ್ ಬೇಕೋ ಅದಕ್ಕೆ ಅಡ್ರೆಸ್, ಕುಕಿ (ಸೈಟ್ ನಿಮ್ಮನ್ನು ಗುರುತಿಸಲು ಬ್ರೌಸರ್‌ನಲ್ಲಿ ಇಡುವ ಚೀಟಿ), ಪೋಸ್ಟ್ ವಿವರ ಮೂರನ್ನೂ ಜೋಡಿಸಿ ಕೊಡುತ್ತಿತ್ತು. ಪುಣ್ಯದ ಕೆಲಸ ಅದು.

2017ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 57 ಬಂದಾಗ ಹಳೇ ಬಗೆಯ ಆಡ್‌ಆನ್‌ಗಳೆಲ್ಲ ನಿಂತವು, ಫ್ಲ್ಯಾಶ್‌ಗಾಟ್ ಕೂಡ. ಹೊಸ ಬಗೆಯ ಆಡ್‌ಆನ್‌ಗಳಿಗೆ ಬ್ರೌಸರ್ ಒಳಗೆ ಅಷ್ಟೊಂದು ಸಲಿಗೆ ಇಲ್ಲ. ಸುರಕ್ಷತೆಗೆ ಅದು ಒಳ್ಳೆಯದೇ. ಆದರೆ ನಮ್ಮ ತೊಡಕು ಮತ್ತಷ್ಟು ಬಿಗಿಯಾಯಿತು.

ಯಾಕೆ ಅಂದ್ರೆ, ಫಾರ್ಮ್‌ನ ವಿವರ ಆಡ್‌ಆನ್‌ಗೆ ಕಾಣುವುದು ವಿನಂತಿ ಹೊರಡುವ ಮುಂಚೆ. ಬರುತ್ತಿರುವುದು ಪುಟವೋ ಫೈಲೋ ಅಂತ ತಿಳಿಯುವುದು ಉತ್ತರ ಬಂದ ಮೇಲೆ. ಹಾಗಾಗಿ ಪ್ರತಿ ಪೋಸ್ಟನ್ನೂ ಸ್ವಲ್ಪ ಹೊತ್ತು ನೆನಪಿಟ್ಟುಕೊಂಡು, ಆಮೇಲೆ ಬಂದ ಉತ್ತರಕ್ಕೆ ಹೊಂದಿಸಬೇಕು. ಅಷ್ಟರಲ್ಲಿ ಅರ್ಜಿ ಒಂದು ಸಲ ಹೋಗಿಯೇ ಬಿಟ್ಟಿರುತ್ತದೆ. ಮ್ಯಾನೇಜರ್ ಕಳಿಸುವುದು ಎರಡನೇ ಸಲ. ಎಷ್ಟೋ ಸೈಟ್‌ಗಳು ಫಾರ್ಮ್ ಒಳಗೆ ಒಂದೇ ಸಲ ನಡೆಯುವ ಗುಟ್ಟಿನ ಟೋಕನ್ ಇಟ್ಟಿರುತ್ತವೆ. ಎರಡನೇ ಸಲಕ್ಕೆ ಅದು ಸತ್ತಿರುತ್ತದೆ. ಎಲ್ಲ ಸರಿಯಾಗಿ ದಾಟಿಸಿದರೂ ಕೈಗೆ ಬರುವುದು ಅದೇ ಖಾಲಿ ಪುಟ.

ನನಗೆ ಇದಕ್ಕಿಂತ ಜಾಸ್ತಿ ಕಾಡುವುದು ಇನ್ನೊಂದು. ಆ ಲಕೋಟೆಯಲ್ಲಿ ಹುಡುಗಿಯೊಬ್ಬಳ ಹುಟ್ಟಿದ ತಾರೀಖು, ಫೋನ್ ನಂಬರ್, ಒಮ್ಮೊಮ್ಮೆ ಪಾಸ್‌ವರ್ಡ್ ಇರುತ್ತದೆ. ಅದನ್ನು ಯಾರೋ ಮಾಡಿದ ಪ್ರೋಗ್ರಾಂ ಕೈಗೆ, ಅದೂ ಹತ್ತಾರು ಜನ ಕೂರುವ ಕಂಪ್ಯೂಟರ್‌ನಲ್ಲಿ, ಸುಮ್ನೆ ದಾಟಿಸಬಾರದು. ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ಇಡೀ ವಿನಂತಿಯನ್ನು ಕರ್ಲ್ (ವಿಗೆಟ್ ಥರದ್ದೇ ಇನ್ನೊಂದು ಪ್ರೋಗ್ರಾಂ) ಕಮಾಂಡ್ ಆಗಿ ಕಾಪಿ ಮಾಡಬಹುದು. ಕೆಲಸಕ್ಕೆ ಬರುತ್ತದೆ. ಆದರೆ ಅದರಲ್ಲಿ ಲಾಗಿನ್ ಕುಕಿಯೂ ಇರಬಹುದು. ಯಾರಿಗೂ ವಾಟ್ಸಾಪ್ ಮಾಡಬೇಡಿ.

ನನ್ನ ಮಟ್ಟಿಗೆ ಇದರ ಮದ್ದು ಸೈಟ್ ಕಟ್ಟುವವರ ಬಳಿ ಇದೆ. ಫಾರ್ಮ್ ಬಂದ ಮೇಲೆ ಫೈಲನ್ನು ನೇರವಾಗಿ ಸುರಿಯುವ ಬದಲು, 303, ಅಂದ್ರೆ "ಆ ಇನ್ನೊಂದು ಅಡ್ರೆಸ್‌ನಲ್ಲಿ ನೋಡು" ಅನ್ನುವ ಉತ್ತರ ಕೊಟ್ಟು, ಸ್ವಲ್ಪ ಹೊತ್ತು ಮಾತ್ರ ನಡೆಯುವ, ಊಹಿಸಲಾಗದ ಅಡ್ರೆಸ್‌ಗೆ ಕಳಿಸಬೇಕು. ಅಲ್ಲಿಂದ ಮುಂದೆ ಬರೀ ಗೆಟ್. ಮ್ಯಾನೇಜರ್‌ಗೆ ಅಡ್ರೆಸ್ ಸಾಕು, ಕರೆಂಟ್ ಹೋದರೆ ಮುಂದುವರಿಸಬಹುದು, ಹುಟ್ಟಿದ ತಾರೀಖು ಮ್ಯಾನೇಜರ್ ಕೈಗೆ ಹೋಗುವುದಿಲ್ಲ. 303 ಹೊಸದೇನಲ್ಲ, ಎಚ್‌ಟಿಟಿಪಿ 1.1ರಿಂದಲೂ ಇದೆ.

ಸೈಟ್‌ಗಳು ಹಾಗೆ ಮಾಡುವ ತನಕ ಅಂಕಪಟ್ಟಿ, ಹಾಲ್ ಟಿಕೆಟ್‌ನಂಥ ಸಣ್ಣ ಪಿಡಿಎಫ್‌ಗಳನ್ನು ಬ್ರೌಸರ್‌ನಲ್ಲೇ ಇಳಿಸಿ. ಐಡಿಎಂ ಇದ್ದರೆ ಆಲ್ಟ್ ಕೀ ಒತ್ತಿ ಹಿಡಿದು ಕ್ಲಿಕ್ ಮಾಡಿ, ಅದು ಮಧ್ಯೆ ಬರುವುದಿಲ್ಲ. ಇಳಿದ ಮೇಲೆ ಗಿರಾಕಿ ಎದುರಿಗೇ ಫೈಲ್ ತೆರೆದು, ಹೆಸರು, ನಂಬರ್ ಓದಿಸಿ, ಆಮೇಲೆ ಪೆನ್ ಡ್ರೈವ್‌ಗೆ ಹಾಕಿ. ದೇವದುರ್ಗದ ಹುಡುಗ ಬಂದು ಹೋದ ದಿನದಿಂದ ನಾನು ಮಾಡಿಕೊಂಡು ಬಂದಿದ್ದು ಇದನ್ನೇ.