ಗಾಳಿಯ ಪಾದರಸ ಅಳೆಯುವ ಮುನ್ನ ಪ್ರಯೋಗಾಲಯದ ಕಪಾಟು ನೋಡಿ

ಸುತ್ತಮುತ್ತ ಕಾರ್ಖಾನೆಯಾಗಲಿ ಗಣಿಯಾಗಲಿ ಇಲ್ಲದ ಕಡೆ, ಉತ್ತರ ಗೋಳಾರ್ಧದ ಗಾಳಿಯಲ್ಲಿ ಒಂದು ಘನ ಮೀಟರ್‌ಗೆ ಸುಮಾರು 1.5 ನ್ಯಾನೋಗ್ರಾಂ ಪಾದರಸ ಇರುತ್ತದೆ. ಗ್ರಾಂ ಒಂದನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲೊಂದು ಪಾಲು ನ್ಯಾನೋಗ್ರಾಂ. ಜ್ವರ ನೋಡುವ ಗಾಜಿನ ಥರ್ಮಾಮೀಟರ್‌ನಲ್ಲಿ 0.6 ಗ್ರಾಂ ಪಾದರಸ ಇದೆ ಎಂದಿಟ್ಟುಕೊಳ್ಳಿ. ಅಷ್ಟು ಪಾದರಸ ಸಿಗಬೇಕಾದರೆ 40 ಕೋಟಿ ಘನ ಮೀಟರ್ ಗಾಳಿ ಸೋಸಬೇಕು. ಹುಬ್ಬಳ್ಳಿ-ಧಾರವಾಡ ಅವಳಿನಗರದ ವ್ಯಾಪ್ತಿ ಸುಮಾರು 200 ಚದರ ಕಿಲೋಮೀಟರ್. ಆ ಇಡೀ ನೆಲದ ಮೇಲೆ ಎರಡು ಮೀಟರ್ ಎತ್ತರದವರೆಗಿನ ಗಾಳಿಯನ್ನೆಲ್ಲ ಹಿಂಡಿದರೆ ಒಂದೇ ಒಂದು ಥರ್ಮಾಮೀಟರ್ ತುಂಬೀತು.

ಈ ಲೆಕ್ಕ ಮೊದಲೇ ಹೇಳಲು ಕಾರಣವಿದೆ. ವಾಯುಮಂಡಲದ ಪಾದರಸದ ಸಂಶೋಧನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಶ್ರಮ ಹೋಗುವುದು ಗಾಳಿ ಅಳೆಯುವುದಕ್ಕಲ್ಲ, ನಮ್ಮದೇ ಕೋಣೆಯ ಪಾದರಸ ಮಾದರಿಯೊಳಗೆ ನುಸುಳದಂತೆ ಕಾಯುವುದಕ್ಕೆ. ಕಾಲೇಜುಗಳ ಪರಿಸರ ವಿಜ್ಞಾನ ಪ್ರಯೋಗಾಲಯಗಳೇ ಇದಕ್ಕೆ ತೀರಾ ಕೆಟ್ಟ ಜಾಗ. ಕೊಳಚೆ ನೀರಿನ ಸಿಓಡಿ ಪರೀಕ್ಷೆಗೆ (ನೀರಿನ ಕೊಳೆ ಉತ್ಕರ್ಷಿಸಲು ಎಷ್ಟು ಆಮ್ಲಜನಕ ಬೇಕೆಂದು ನೋಡುವ ಪರೀಕ್ಷೆ) ಮರ್ಕ್ಯುರಿಕ್ ಸಲ್ಫೇಟ್ ಎಂಬ ಪಾದರಸದ ಲವಣ ಹಾಕುತ್ತಾರೆ, ಅದರ ತ್ಯಾಜ್ಯ ತಿಂಗಳುಗಟ್ಟಲೆ ಕ್ಯಾನಿನಲ್ಲಿ ಕೂತಿರುತ್ತದೆ. ಹಳೆಯ ಬ್ಯಾರೋಮೀಟರ್, ಪಾದರಸವಿರುವ ಕ್ಯಾಲೊಮೆಲ್ ಇಲೆಕ್ಟ್ರೋಡ್, ಮೂಲೆಗೆ ಒರಗಿಸಿಟ್ಟ ಟ್ಯೂಬ್‌ಲೈಟ್‌ಗಳು ಬೇರೆ. ಹಲ್ಲಿಗೆ ಬೆಳ್ಳಿ ಬಣ್ಣದ ಫಿಲ್ಲಿಂಗ್ ಹಾಕಿಸಿಕೊಂಡವರ ಉಸಿರಿನಲ್ಲೂ ಪಾದರಸ ಇರುತ್ತದೆ. ಆ ಫಿಲ್ಲಿಂಗ್‌ನ ತೂಕದಲ್ಲಿ ಸುಮಾರು ಅರ್ಧದಷ್ಟು ಪಾದರಸವೇ. ಹಾಗಾಗಿ ಮಾದರಿ ಹಿಡಿಯುವ ನಳಿಕೆಯ ಬಾಯಿಗೆ ಮುಖವಿಟ್ಟು ಮಾತಾಡಬಾರದು.

ಗಾಳಿಯಲ್ಲಿ ಪಾದರಸ ಮೂರು ರೂಪದಲ್ಲಿದೆ. ಶೇ 95ರ ಆಸುಪಾಸು ಶುದ್ಧ ಲೋಹದ ಆವಿ. ಇದು ನೀರಲ್ಲಿ ಅಷ್ಟಾಗಿ ಕರಗುವುದಿಲ್ಲ, ಆರು ತಿಂಗಳಿಂದ ಒಂದು ವರ್ಷದವರೆಗೆ ಗಾಳಿಯಲ್ಲೇ ಅಲೆಯುತ್ತದೆ. ಗದಗಿನಲ್ಲಿ ಹಿಡಿದ ಆವಿಯಲ್ಲಿ ಬೇರೆ ಖಂಡದ ಚಿಮಣಿಯದೂ ಪಾಲಿರುತ್ತದೆ. ಉಳಿದ ಎರಡು, ಬ್ರೋಮಿನ್ ಮುಂತಾದವುಗಳಿಂದ ಆಕ್ಸಿಡೀಕರಣಗೊಂಡ ಪಾದರಸ ಮತ್ತು ಧೂಳಿಗೆ ಅಂಟಿದ ಪಾದರಸ. ಇವು ಮಳೆಯೊಡನೆ ಬೇಗ ನೆಲಕ್ಕಿಳಿಯುತ್ತವೆ. ಆಕ್ಸಿಡೀಕೃತ ರೂಪವನ್ನು ಪೊಟ್ಯಾಸಿಯಂ ಕ್ಲೋರೈಡ್ ಬಳಿದ ನಳಿಕೆಯಲ್ಲಿ ಹಿಡಿಯುವ ವಿಧಾನ ಬಹುಕಾಲ ನಡೆದುಬಂತು. ಆದರೆ ಓಝೋನ್ ಮತ್ತು ತೇವ ಹೆಚ್ಚಿದ್ದಾಗ ಅದು ಕಡಿಮೆ ತೋರಿಸುತ್ತದೆ. ಹೊಸದಾಗಿ ಕೆಲಸ ಆರಂಭಿಸುವವರು ಒಟ್ಟು ಅನಿಲರೂಪದ ಪಾದರಸವನ್ನಷ್ಟೇ ಚೆನ್ನಾಗಿ ಅಳೆದರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಹಿಡಿಯುವ ಬಲೆ ಬಂಗಾರ. ಕ್ವಾರ್ಟ್ಜ್ ನಳಿಕೆಯೊಳಗೆ ಚಿನ್ನ ಲೇಪಿಸಿದ ಮರಳು ತುಂಬಿ ಗಾಳಿ ಎಳೆದರೆ ಪಾದರಸ ಚಿನ್ನದೊಡನೆ ಮಿಶ್ರಲೋಹವಾಗಿ ನಿಲ್ಲುತ್ತದೆ. ಅಕ್ಕಸಾಲಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪಂಪು ನಿಮಿಷಕ್ಕೆ ಅರ್ಧ ಲೀಟರ್ ಎಳೆದರೆ 24 ತಾಸಿಗೆ 720 ಲೀಟರ್, ಅದರಲ್ಲಿ ಸಿಗುವುದು ಸುಮಾರು 1 ನ್ಯಾನೋಗ್ರಾಂ. ನಳಿಕೆಯನ್ನು ಬಳಸುವ ಮುನ್ನ 500 ಡಿಗ್ರಿಗೆ ಕಾಯಿಸಿ ಖಾಲಿ ಮಾಡಿ, ಟೆಫ್ಲಾನ್ ಬಿರಡೆ ಹಾಕಿ ಒಯ್ಯಬೇಕು. ಎರಡು ನಳಿಕೆಗಳನ್ನು ಒಂದರ ಹಿಂದೊಂದು ಜೋಡಿಸಿ. ಹಿಂದಿನದರಲ್ಲಿ ಗಣನೀಯ ಪಾದರಸ ಕಂಡರೆ ಮುಂದಿನ ಚಿನ್ನ ಸೋತಿದೆ ಎಂದರ್ಥ, ಆ ಮಾದರಿ ಬಿಟ್ಟುಬಿಡಿ. ಮೂರನೆಯದೊಂದು ನಳಿಕೆ ಅದೇ ಚೀಲದಲ್ಲಿ ಊರು ಸುತ್ತಿ ಗಾಳಿ ಎಳೆಯದೇ ವಾಪಸು ಬರಬೇಕು. ಅದರಲ್ಲಿ ಸಿಕ್ಕಿದ್ದನ್ನು ಉಳಿದವುಗಳಿಂದ ಕಳೆಯಬೇಕು.

ಕೈಕೊಡುವುದು ಹೆಚ್ಚಾಗಿ ಮಳೆಗಾಲದಲ್ಲಿ. ಆಮ್ಲೀಯ ಅನಿಲ ತಡೆಯಲೆಂದು ನಳಿಕೆಯ ಮುಂದೆ ಸೋಡಾ ಲೈಮ್ ಇಡುತ್ತೇವೆ. ಧಾರವಾಡದ ಜುಲೈ ಜಿಟಿಜಿಟಿಗೆ ಅದು ತೇವ ಹೀರಿ ಗಟ್ಟಿಯಾಗುತ್ತದೆ, ಪಂಪು ಸದ್ದು ಮಾಡುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಹೋಗುವುದಿಲ್ಲ. ಆದ್ದರಿಂದ ಹರಿವನ್ನು ಶುರುವಿನಲ್ಲೂ ಕೊನೆಯಲ್ಲೂ ಅಳೆದು ಬರೆದಿಡಬೇಕು. ಚಿನ್ನದ ಮೇಲೆ ನೀರು ಕೂರದಂತೆ ನಳಿಕೆಗೆ ಸಣ್ಣ ಹೀಟರ್ ಸುತ್ತಿ ಬೆಚ್ಚಗಿಡಬೇಕು.

ಪ್ರಯೋಗಾಲಯದಲ್ಲಿ ನಳಿಕೆಯನ್ನು ಮತ್ತೆ ಕಾಯಿಸಿ, ಹೊರಬಂದ ಆವಿಯನ್ನು ಆರ್ಗಾನ್ ಜೊತೆ ಸಾಗಿಸಿ, 253.7 ನ್ಯಾನೋಮೀಟರ್ ಬೆಳಕಿನಲ್ಲಿ ಅದರ ಪ್ರತಿದೀಪ್ತಿ (ಬೆಳಕು ಹೀರಿ ಆವಿ ಮರಳಿ ಸೂಸುವ ಬೆಳಕು) ಅಳೆಯುತ್ತಾರೆ. ಅಗ್ಗವೆಂದು ನೈಟ್ರೋಜನ್ ಬಳಸಿದರೆ ಪ್ರತಿದೀಪ್ತಿ ಕುಗ್ಗಿಹೋಗುತ್ತದೆ. ಯಂತ್ರವನ್ನು ತಿದ್ದಲು ಮುಚ್ಚಿದ ಗಾಜಿನ ಪಾತ್ರೆಯಲ್ಲಿಟ್ಟ ಪಾದರಸದ ಮೇಲಿನ ಗಾಳಿಯೇ ಮಾನಕ. 20 ಡಿಗ್ರಿಯಲ್ಲಿ ಅದರ ಒಂದು ಮಿ.ಲೀ.ನಲ್ಲಿ ಸುಮಾರು 13 ನ್ಯಾನೋಗ್ರಾಂ ಇರುವುದರಿಂದ ಸಿರಿಂಜಿನ 100 ಮೈಕ್ರೋಲೀಟರ್, ಅಂದರೆ 0.1 ಮಿ.ಲೀ., ಒಂದು ದಿನದ ಮಾದರಿಗೆ ಹತ್ತಿರವಾಗುತ್ತದೆ. ಆದರೆ ಒಂದು ಡಿಗ್ರಿ ತಪ್ಪಿದರೆ ಶೇ 8ರಷ್ಟು ತಪ್ಪು. ಪಾತ್ರೆಯ ಉಷ್ಣತೆ ಯಾವತ್ತೂ ಸಿರಿಂಜಿಗಿಂತ ಕಡಿಮೆ ಇರಬೇಕು, ಇಲ್ಲದಿದ್ದರೆ ಆವಿ ಸಿರಿಂಜಿನ ಗೋಡೆಗೇ ಅಂಟಿಕೊಳ್ಳುತ್ತದೆ.

ಇನ್ನೊಂದು ತಪ್ಪು ಬಹಳ ಸದ್ದಿಲ್ಲದೆ ನಡೆಯುತ್ತದೆ. ಜಗತ್ತಿನ ಅಂಕಿಗಳೆಲ್ಲ 0 ಡಿಗ್ರಿ, ಒಂದು ವಾಯುಮಂಡಲ ಒತ್ತಡಕ್ಕೆ ಹೊಂದಿಸಿದ ಘನ ಮೀಟರ್‌ನಲ್ಲಿ ಇರುತ್ತವೆ. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ, ಒತ್ತಡ ಸುಮಾರು 926 ಮಿಲಿಬಾರ್. 27 ಡಿಗ್ರಿ ದಿನ ಅಲ್ಲಿ 1.25 ಎಂದು ಬಂದ ಅಂಕಿ ನಿಜಕ್ಕೂ 1.5. ತಿದ್ದದೆ ಬಿಟ್ಟರೆ ನಮ್ಮೂರ ಗಾಳಿ ಜಗತ್ತಿಗಿಂತ ಶುದ್ಧ ಎಂದು ಪ್ರಬಂಧ ಬರೆದುಬಿಡಬಹುದು!

ಅಂಕಿ ಸರಿಯಾದ ಮೇಲೆ ಗಾಳಿಯ ದಿಕ್ಕು ನೋಡಬೇಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಅರಬ್ಬಿ ಸಮುದ್ರದ ಗಾಳಿ, ನವೆಂಬರ್‌ನಿಂದ ಫೆಬ್ರುವರಿ ತನಕ ಮೂಡಣದ ಗಾಳಿ. ಗದಗಿಗೆ ಮೂಡಣದಲ್ಲಿ ಕೊಪ್ಪಳ, ತೋರಣಗಲ್ಲು, ಬಳ್ಳಾರಿಯ ಉಕ್ಕು ಮತ್ತು ವಿದ್ಯುತ್ ಸ್ಥಾವರಗಳಿವೆ. ಒಂದು ಟನ್ ಕಲ್ಲಿದ್ದಲಿನಲ್ಲಿ 0.1ರಿಂದ 0.2 ಗ್ರಾಂ ಪಾದರಸ ಇದ್ದರೆ, ದಿನಕ್ಕೆ 15,000 ಟನ್ ಉರಿಸುವ ಸ್ಥಾವರದೊಳಗೆ 1.5ರಿಂದ 3 ಕಿಲೋ ಪಾದರಸ ಹೋಗುತ್ತದೆ. ಧೂಳಿಗೆ ಅಂಟಿದ್ದನ್ನು ಇಎಸ್‌ಪಿ (ವಿದ್ಯುತ್ತಿನಿಂದ ಹೊಗೆಯ ಧೂಳು ಹಿಡಿಯುವ ಯಂತ್ರ) ಹಿಡಿಯುತ್ತದೆ, ಶುದ್ಧ ಲೋಹದ ಆವಿ ಬಹುಪಾಲು ತಪ್ಪಿಸಿಕೊಳ್ಳುತ್ತದೆ. 2015ರ ಕೇಂದ್ರ ಅಧಿಸೂಚನೆ ಚಿಮಣಿಗೆ ಹಾಕಿದ ಮಿತಿ ಘನ ಮೀಟರ್‌ಗೆ 0.03 ಮಿ.ಗ್ರಾಂ. ಅದು ಹಿನ್ನೆಲೆ ಗಾಳಿಯ 20,000 ಪಟ್ಟು. ಪಾದರಸದ ಜೊತೆಗೆ ಸಲ್ಫರ್ ಡೈಆಕ್ಸೈಡ್ ಏರಿದರೆ ಕಲ್ಲಿದ್ದಲಿನ ಕಡೆ ಬೆರಳು ತೋರಿಸಬಹುದು, ಕಾರ್ಬನ್ ಮಾನಾಕ್ಸೈಡ್ ಮಾತ್ರ ಏರಿದರೆ ಹೊಲದ ಬೆಂಕಿಯನ್ನು ಶಂಕಿಸಬೇಕು. ಎಲೆಗಳು ಗಾಳಿಯ ಪಾದರಸವನ್ನು ಪತ್ರರಂಧ್ರಗಳಿಂದ ಹೀರಿ ಇಟ್ಟುಕೊಳ್ಳುತ್ತವೆ. ಕಬ್ಬಿನ ರವದಿಗೋ ಹಾವೇರಿಯ ಗೋವಿನಜೋಳದ ದಂಟಿಗೋ ಬೆಂಕಿ ಇಟ್ಟಾಗ ಅದು ಮತ್ತೆ ಹೊರಬರುತ್ತದೆ. ಬೆಳಗಿನ ಜಾವ ಗಾಳಿಯ ಪದರ ನೆಲಕ್ಕೆ ಒತ್ತಿಕೊಂಡಿರುವುದರಿಂದ ಅಂಕಿ ಏರುತ್ತದೆ. ಆಫೀಸು ವೇಳೆಯಲ್ಲಷ್ಟೇ ಮಾದರಿ ತೆಗೆದರೆ ಇದು ಕಾಣುವುದೇ ಇಲ್ಲ.

ಹಾಗಾದರೆ ಹೊರಗಾಳಿ ಉಸಿರಾಡಿದರೆ ಅಪಾಯವೇ? ಈ ಮಟ್ಟದಲ್ಲಿ ಇಲ್ಲ. ವರ್ಷದ ಸರಾಸರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಘನ ಮೀಟರ್‌ಗೆ 1 ಮೈಕ್ರೋಗ್ರಾಂ, ಅಂದರೆ 1,000 ನ್ಯಾನೋಗ್ರಾಂ. ಹೊರಗಿನ ಪಾದರಸದ ಕಾಟ ಅದು ಕೆರೆಗೆ ಇಳಿದ ಮೇಲೆ. ಅಂತರಗಂಗೆ ಮುಚ್ಚಿದ, ಕೊಳಚೆ ಸೇರಿ ಆಮ್ಲಜನಕ ಸತ್ತ ಕೆರೆಯ ಕೆಸರಿನಲ್ಲಿ ಕೆಲವು ಬ್ಯಾಕ್ಟೀರಿಯಾ ಅದನ್ನು ಮಿಥೈಲ್ ಮರ್ಕ್ಯುರಿ ಎಂಬ ಹೆಚ್ಚು ವಿಷಕಾರಿ ರೂಪಕ್ಕೆ ತಿರುಗಿಸುತ್ತವೆ, ಅದು ಮೀನಿನಿಂದ ಮೀನಿಗೆ ಏರುತ್ತ ಸಾಂದ್ರವಾಗುತ್ತದೆ. ಹಾಗಾಗಿ ಬೇರೆ ಮೀನು ತಿನ್ನುವ ಮೀನಿನಲ್ಲಿ ಹೆಚ್ಚು, ಕಾಟ್ಲಾ-ರೋಹುಗಳಲ್ಲಿ ಕಡಿಮೆ.

ಉಸಿರಿಗೆ ಅಪಾಯ ಇರುವುದು ಮನೆಯೊಳಗೆ. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ 28 ಘನ ಮೀಟರ್ ಗಾಳಿ. ಒಡೆದ ಥರ್ಮಾಮೀಟರ್‌ನ ಆರುನೂರರಲ್ಲಿ ಒಂದು ಪಾಲು, 1 ಮಿ.ಗ್ರಾಂ, ಆವಿಯಾದರೂ ಘನ ಮೀಟರ್‌ಗೆ 35 ಮೈಕ್ರೋಗ್ರಾಂ ಆಗುತ್ತದೆ. ಮಕ್ಕಳು, ಬಸುರಿಯರನ್ನು ಹೊರಗೆ ಕಳಿಸಿ. ಫ್ಯಾನ್ ಬಂದ್ ಮಾಡಿ, ಕಿಟಕಿ ತೆಗೆದು, ಒಳಬಾಗಿಲು ಹಾಕಿ. ಕೈಯ ಉಂಗುರ, ಬಳೆ ತೆಗೆದಿಡಿ, ಬಂಗಾರಕ್ಕೆ ಹತ್ತಿದರೆ ಬಿಡುವುದಿಲ್ಲ. ಕಸಬರಿಗೆ ಹಾಕಿದರೆ ಒಂದು ಗುಂಡು ಸಾವಿರವಾಗುತ್ತದೆ, ವ್ಯಾಕ್ಯೂಮ್ ಕ್ಲೀನರ್ ಅದನ್ನು ಕೋಣೆಗೆಲ್ಲ ಊದುತ್ತದೆ. ಲಗ್ನಪತ್ರಿಕೆಯ ದಪ್ಪ ಕಾಗದ ಎರಡಿದ್ದರೆ ಸಾಕು, ಗುಂಡುಗಳನ್ನು ಒಟ್ಟಿಗೆ ತಳ್ಳಿ ಸಿರಿಂಜಿನಿಂದ ಎಳೆದುಕೊಳ್ಳಿ. ಟಾರ್ಚನ್ನು ನೆಲಕ್ಕೆ ಸಮನಾಗಿ ಹಿಡಿದರೆ ಉಳಿದ ಚೂರುಗಳು ಹೊಳೆಯುತ್ತವೆ, ಅವನ್ನು ಅಂಟುಟೇಪಿಗೆ ಹತ್ತಿಸಿ. ನಮ್ಮ ಕಡೆಯ ಶಹಾಬಾದ್ ಕಲ್ಲಿನ ನೆಲದಲ್ಲಿ ತೊಂದರೆ ಆಗುವುದು ಸಂದುಗಳಲ್ಲಿ. ಅಲ್ಲಿ ಗಂಧಕದ ಪುಡಿ ತುಂಬಿ ಒಂದು ದಿನ ಬಿಟ್ಟು ಕೆರೆದು ತೆಗೆಯಬೇಕು. ನೀರು ಹಾಕಿ ಬಚ್ಚಲಿಗೆ ತೊಳೆಯಬಾರದು. ಸಿಕ್ಕಿದ್ದನ್ನೆಲ್ಲ ಬಿಗಿ ಮುಚ್ಚಳದ ಬಾಟಲಿಯಲ್ಲಿ ನೀರಿನಡಿ ಇಟ್ಟು, ಮೇಲೆ ಚೀಟಿ ಅಂಟಿಸಿ, ಪಾಲಿಕೆಯ ಅಪಾಯಕಾರಿ ತ್ಯಾಜ್ಯದವರಿಗೆ ಒಪ್ಪಿಸಿ. ರಕ್ತದೊತ್ತಡ ನೋಡುವ ಹಳೆಯ ಪಾದರಸದ ಉಪಕರಣ ಇಟ್ಟುಕೊಂಡಿರುವ ದವಾಖಾನೆಗಳು ಇನ್ನಷ್ಟು ಎಚ್ಚರವಾಗಿರಬೇಕು. ಅದರಲ್ಲಿ 80ರಿಂದ 100 ಗ್ರಾಂ ಇರುತ್ತದೆ.