ಹಡಗಿನ ಕುಲುಮೆಯಿಂದ ಮೇಯರ್ ಕಚೇರಿವರೆಗೆ: ಬ್ರಿಟನ್ನಿನ ಅರಬ್ ಕಲಾ ಉತ್ಸವಗಳನ್ನು ಕಟ್ಟಿದವರು

ಬ್ರಿಟನ್ನಿನಲ್ಲಿ ಪ್ರತಿ ವರ್ಷ ನಡೆಯುವ ಅರಬ್ ಕಲಾ ಉತ್ಸವಗಳಲ್ಲಿ ಎಲ್ಲಕ್ಕಿಂತ ಹಳೆಯದು ಲಿವರ್‌ಪೂಲ್ ಊರಿನದು. ಅದು ಶುರುವಾಗಿದ್ದು 1998ರಲ್ಲಿ. ಲಂಡನ್ನಿನ 'ಶುಬ್ಬಾಕ್' ಉತ್ಸವಕ್ಕೆ ಹೆಸರು ಜಾಸ್ತಿ, ಪತ್ರಿಕೆಗಳಲ್ಲಿ ಸುದ್ದಿಯೂ ಜಾಸ್ತಿ. ಆದರೆ ಅದು ಹುಟ್ಟಿದ್ದು 2011ರಲ್ಲಿ. ಎರಡೂ ಮಾಡುವ ಕೆಲಸ ಒಂದೇ. ಇವತ್ತು ಬರೆಯುತ್ತಿರುವ, ಹಾಡುತ್ತಿರುವ, ನಾಟಕ ಆಡುತ್ತಿರುವ ಅರಬ್ ಕಲಾವಿದರನ್ನು ಅಲ್ಲಿನ ಜನರ ಮುಂದೆ ತರುವುದು. ಹುಟ್ಟಿದ ರೀತಿ ಮಾತ್ರ ಪೂರ್ತಿ ಬೇರೆ. ಒಂದನ್ನು ಬಂದರು ಊರಿನ ವಲಸಿಗರು ಕೆಳಗಿನಿಂದ ಕಟ್ಟಿದರು. ಇನ್ನೊಂದು ಮೇಯರ್ ಕಚೇರಿಯಿಂದ ಇಳಿದು ಬಂತು. ಇಂಥ ಉತ್ಸವ ಯಾರ ಕೈಯಲ್ಲಿದೆ ಎನ್ನುವುದರ ಮೇಲೆ ಅದು ಏನನ್ನು ತೋರಿಸುತ್ತದೆ ಎನ್ನುವುದೂ ನಿಲ್ಲುತ್ತದೆ. ಹಾಗಾಗಿ ಈ ಎರಡು ಕಥೆಗಳನ್ನು ಒಟ್ಟಿಗೇ ಹೇಳಬೇಕು.

ಲಿವರ್‌ಪೂಲ್‌ನ ಕಥೆ ಶುರುವಾಗುವುದು ಯೆಮೆನ್‌ನ ಏಡನ್ ಬಂದರಿನಲ್ಲಿ. 1839ರ ಜನವರಿಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆ ಈ ಬಂದರನ್ನು ಹಿಡಿಯಿತು. ಆಮೇಲೆ ಸುಮಾರು ನೂರು ವರ್ಷ ಏಡನ್ ಬ್ರಿಟಿಷ್ ಇಂಡಿಯಾದ ಆಡಳಿತದಲ್ಲೇ ಇತ್ತು. 1932ರವರೆಗೆ ಅದು ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರಗಳನ್ನು ಆಳುತ್ತಿದ್ದ ಮುಂಬೈ ಸರ್ಕಾರವೇ ಏಡನ್ನನ್ನೂ ಆಳುತ್ತಿತ್ತು. ನಮ್ಮ ಕಡೆ ಇದನ್ನು ನೆನೆಯುವವರು ಕಡಿಮೆ.

1869ರಲ್ಲಿ ಸೂಯೆಜ್ ಕಾಲುವೆ ತೆರೆದ ಮೇಲೆ ಏಡನ್ನಿನ ಕೆಲಸ ಹೆಚ್ಚಿತು. ಯುರೋಪಿಗೂ ಏಷ್ಯಾಕ್ಕೂ ಓಡಾಡುವ ಉಗಿಹಡಗುಗಳು ಇಲ್ಲಿ ಕಲ್ಲಿದ್ದಲು ತುಂಬಿಸಿಕೊಳ್ಳುತ್ತಿದ್ದವು. ಹಡಗಿನ ಹೊಟ್ಟೆಯೊಳಗೆ, ಕುಲುಮೆಯ ಮುಂದೆ ನಿಂತು ಕಲ್ಲಿದ್ದಲು ಹಾಕುವ ಕೆಲಸಕ್ಕೆ ಯೆಮೆನ್ ಬೆಟ್ಟಗಳ ಗಂಡಸರನ್ನು ಹಿಡಿದರು. ಸಂಬಳ ಕಡಿಮೆ, ಬಿಸಿಲಿಗಿಂತ ಕೆಟ್ಟ ಕಾವು. ಪ್ರಯಾಣ ಮುಗಿಸಿದವರು ಬ್ರಿಟನ್ನಿನ ಬಂದರುಗಳಲ್ಲಿ ಇಳಿದರು. ಕೆಲವರು ಅಲ್ಲೇ ಉಳಿದರು. ಕಾರ್ಡಿಫ್, ಸೌತ್ ಶೀಲ್ಡ್ಸ್, ಲಿವರ್‌ಪೂಲ್ ಊರುಗಳಲ್ಲಿ ಯೆಮೆನಿ ಬೀದಿಗಳು ಹೀಗೆ ಹುಟ್ಟಿಕೊಂಡವು. ಉಗಿಹಡಗಿನ ಕಾಲ ಮುಗಿದ ಮೇಲೆ ಬಂದ ತಲೆಮಾರು ಬೇರೆ ದಾರಿ ಹಿಡಿಯಿತು. ಲಿವರ್‌ಪೂಲ್‌ನಲ್ಲಿ ಎಷ್ಟೋ ಬೀದಿ ಮೂಲೆಯ ಪೇಪರ್ ಅಂಗಡಿಗಳು ಯೆಮೆನಿಗಳ ಕೈಗೆ ಬಂದವು. ಬೆಳಗ್ಗೆ ಪೇಪರ್, ಹಾಲು, ಸಿಗರೇಟು ಕೊಡುವ ಅಂಗಡಿಯವನನ್ನು ಇಡೀ ಬೀದಿ ಬಲ್ಲದು. ಅವನ ಹಾಡು, ಅವನ ಕವಿತೆ ಯಾರಿಗೆ ಗೊತ್ತಿತ್ತು?

ಇಲ್ಲಿ ತಾಹಿರ್ ಖಾಸಿಮ್ ಅವರ ಹೆಸರು ಬರುತ್ತದೆ. ಯೆಮೆನ್‌ನಲ್ಲಿ ಹುಟ್ಟಿ ಲಿವರ್‌ಪೂಲ್‌ಗೆ ಬಂದವರು. ವೃತ್ತಿ ಸಾರ್ವಜನಿಕ ಆರೋಗ್ಯ. ಊರಿನ ಅರಬ್ಬರಿಗಾಗಿ 'ಲಿವರ್‌ಪೂಲ್ ಅರೇಬಿಕ್ ಸೆಂಟರ್' ಕಟ್ಟಿದವರಲ್ಲಿ ಅವರೂ ಒಬ್ಬರು. 1998ರಲ್ಲಿ ಈ ಸೆಂಟರ್ ಮತ್ತು ಊರಿನ ನಡುವೆ ಇರುವ 'ಬ್ಲೂಕೋಟ್' ಕಲಾ ಕೇಂದ್ರ ಕೈಜೋಡಿಸಿದವು. ಬ್ಲೂಕೋಟ್ ಸಾಮಾನ್ಯ ಜಾಗವಲ್ಲ. ಹದಿನೆಂಟನೇ ಶತಮಾನದ ಶುರುವಿನಲ್ಲಿ ಬಡ ಮಕ್ಕಳ ಶಾಲೆಗೆಂದು ಕಟ್ಟಿದ್ದು. ಲಿವರ್‌ಪೂಲ್ ನಗರದ ನಡುಭಾಗದಲ್ಲಿ ಉಳಿದಿರುವ ಅತಿ ಹಳೆಯ ಕಟ್ಟಡ. ಅಂಥ ಜಾಗದಲ್ಲಿ ಅರಬ್ಬಿ ಸಂಗೀತ ಕೇಳಿಸಿದ್ದು ಊರಿನ ಮಟ್ಟಿಗೆ ದೊಡ್ಡ ಸಂಗತಿಯೇ.

ಆರೋಗ್ಯ ಇಲಾಖೆಯ ಕೆಲಸ ಮಾಡುವವರಿಗೂ ಕಲಾ ಉತ್ಸವಕ್ಕೂ ಏನು ನಂಟು ಅನ್ನಿಸಬಹುದು. ನನಗೆ ಈ ನಂಟು ತುಂಬ ಸಹಜ ಅನ್ನಿಸುತ್ತದೆ. ಬಡ ವಲಸಿಗರ ಹೆಸರು ಸರ್ಕಾರಿ ಕಾಗದಗಳಲ್ಲಿ ಬರುವುದು ಬರೀ ಸಮಸ್ಯೆಗಳ ಜೊತೆ. ಮನೆ ಇಲ್ಲ, ಕೆಲಸ ಇಲ್ಲ, ಕಾಯಿಲೆ ಇದೆ. ಅಂಥ ಕಾಗದಗಳ ನಡುವೆ ದಿನ ಕಳೆಯುವವರಿಗೆ, ನಮ್ಮವರ ಹತ್ತಿರ ಕೊಡುವುದಕ್ಕೂ ಏನೋ ಇದೆ ಎಂದು ತೋರಿಸುವ ಆಸೆ ಹುಟ್ಟದೇ ಇರುತ್ತದಾ? ಉತ್ಸವ ಇವತ್ತಿಗೂ ಬೇಸಿಗೆಯಲ್ಲೇ ನಡೆಯುತ್ತದೆ. ಸೆಫ್ಟನ್ ಪಾರ್ಕಿನ ಗಾಜಿನ 'ಪಾಮ್ ಹೌಸ್'ನಲ್ಲಿ ಕುಟುಂಬಗಳ ದಿನ ಅಂತ ಒಂದು ದಿನ ಇರುತ್ತದೆ. ಹಾಡು, ಕುಣಿತ, ಊಟ, ಮಕ್ಕಳ ಗದ್ದಲ. ಗ್ಯಾಲರಿಯ ಮೆಟ್ಟಿಲು ಹತ್ತಲು ಹಿಂಜರಿಯುವ ಅಜ್ಜಿಯೂ ಇಲ್ಲಿಗೆ ಬರುತ್ತಾಳೆ. ಉತ್ಸವದ ಬೇರು ಇರುವುದು ಈ ದಿನದಲ್ಲೇ ಎಂದು ನನ್ನ ನಂಬಿಕೆ.

ಈಗ ಲಂಡನ್. ಇಲ್ಲಿ ಅರಬ್ ಜಗತ್ತು ಮೊದಲು ದೊಡ್ಡದಾಗಿ ಕಾಣಿಸಿಕೊಂಡಿದ್ದು ಗಾಜಿನ ಪೆಟ್ಟಿಗೆಗಳಲ್ಲಿ. 1976ರಲ್ಲಿ 'ವರ್ಲ್ಡ್ ಆಫ್ ಇಸ್ಲಾಂ' ಎಂಬ ಭಾರಿ ಉತ್ಸವ ನಡೆಯಿತು. ರಾಣಿ ಎಲಿಜಬೆತ್ ಉದ್ಘಾಟಿಸಿದರು. ಹೇವರ್ಡ್ ಗ್ಯಾಲರಿಯಲ್ಲಿ ಹಳೆಯ ಲೋಹದ ಪಾತ್ರೆ, ಜಮಖಾನೆ, ಹಸ್ತಪ್ರತಿಗಳ ಸಾಲು. ಸುಂದರವಾದ ವಸ್ತುಗಳೇ, ಅನುಮಾನವಿಲ್ಲ. ಆದರೆ ಅವನ್ನು ಮಾಡಿದವರು ಸತ್ತು ನೂರಾರು ವರ್ಷಗಳಾಗಿದ್ದವು. ಬದುಕಿರುವ ಅರಬ್ ಕವಿ, ಚಿತ್ರಕಾರ ಆ ಚಿತ್ರದಲ್ಲಿ ಇರಲಿಲ್ಲ ಅನ್ನಬೇಕು.

ಆ ಬದುಕಿರುವವರು ಬರತೊಡಗಿದ್ದು ಅದೇ ಹೊತ್ತಿಗೆ, ಬೇರೆ ಕಾರಣಕ್ಕೆ. 1975ರಲ್ಲಿ ಲೆಬನಾನ್ ಅಂತರ್ಯುದ್ಧ ಶುರುವಾಯಿತು. ಅರಬ್ ಪುಸ್ತಕ, ಪತ್ರಿಕೆಗಳ ರಾಜಧಾನಿಯಾಗಿದ್ದ ಬೈರೂತ್ ಒಡೆದುಹೋಯಿತು. ಬರಹಗಾರರು, ಸಂಪಾದಕರು ಲಂಡನ್ ಕಡೆ ಬಂದರು. 'ಅಶ್ಶರ್ಕ್ ಅಲ್ ಔಸತ್' ಪತ್ರಿಕೆ 1978ರಲ್ಲಿ ಲಂಡನ್ನಿನಲ್ಲೇ ಹುಟ್ಟಿತು. ಬೈರೂತ್‌ನಿಂದ ಬಂದ ಇಬ್ಬರು ಗೆಳೆಯರು, ಮೈ ಘುಸೂಬ್ ಮತ್ತು ಆಂದ್ರೆ ಗಾಸ್ಪಾರ್, ವೆಸ್ಟ್‌ಬೋರ್ನ್ ಗ್ರೋವ್ ಬೀದಿಯಲ್ಲಿ 'ಸಾಖಿ' ಪುಸ್ತಕದಂಗಡಿ ತೆರೆದರು. ಆಮೇಲೆ ಪ್ರಕಾಶನವನ್ನೂ ಶುರು ಮಾಡಿದರು. ಯಾವುದೇ ಅರಬ್ ದೇಶದ ಸೆನ್ಸಾರ್ ಮುಟ್ಟಲಾಗದ ಅಂಗಡಿ ಅದು. ಬೇಸಿಗೆಗೆ ಲಂಡನ್ನಿಗೆ ಬರುವ ಅರಬ್ಬರು ತಮ್ಮ ದೇಶದಲ್ಲಿ ನಿಷೇಧವಾದ ಪುಸ್ತಕಗಳನ್ನು ಇಲ್ಲಿ ಕೊಂಡು ಸೂಟ್‌ಕೇಸಿನಲ್ಲಿ ಒಯ್ಯುತ್ತಿದ್ದರು. ಘುಸೂಬ್ ಸ್ವತಃ ಶಿಲ್ಪಿ, ಲೇಖಕಿ. 2007ರಲ್ಲಿ ತೀರಿಕೊಂಡರು.

1998ರಲ್ಲಿ, ಲಿವರ್‌ಪೂಲ್‌ನ ಉತ್ಸವ ಶುರುವಾದ ವರ್ಷವೇ, ಮಾರ್ಗರೆಟ್ ಒಬಾಂಕ್ ಮತ್ತು ಇರಾಕಿನ ಲೇಖಕ ಸ್ಯಾಮ್ಯುಯೆಲ್ ಶಿಮೋನ್ 'ಬನಿಪಾಲ್' ಪತ್ರಿಕೆ ತಂದರು. ಅರಬ್ಬಿ ಕಥೆ, ಕವಿತೆಗಳನ್ನು ಇಂಗ್ಲಿಷಿಗೆ ತರುವುದೇ ಅದರ ಕೆಲಸ. ಗಂಡ ಹೆಂಡತಿ ಸೇರಿ ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆಸಿದರು. ನೂರಾರು ಲೇಖಕರು ಇಂಗ್ಲಿಷ್ ಓದುಗರಿಗೆ ಮೊದಲು ಸಿಕ್ಕಿದ್ದು ಅದರ ಪುಟಗಳಲ್ಲಿ. 2025ರಲ್ಲಿ ಕನ್ನಡಕ್ಕೆ ಬಂದ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಅರಬ್ಬಿಗೆ ಮೊದಲ ಸಲ ಬಂದಿದ್ದು 2019ರಲ್ಲಿ, ಒಮಾನಿನ ಜೋಖಾ ಅಲ್‌ಹಾರ್ತಿ ಅವರಿಗೆ. ಅಂಥ ದಿನಕ್ಕೆ ನೆಲ ಹದ ಮಾಡಿದವರಲ್ಲಿ ಈ ದಂಪತಿಯೂ ಇದ್ದಾರೆ. ಅನುವಾದವನ್ನು ಬೆಳೆಸುವುದು ಎಷ್ಟು ಸಂಯಮದ ಕೆಲಸ ಅಂತ ನಮಗೂ ಈಗ ಗೊತ್ತಲ್ವಾ.

ಇದಾದ ಮೇಲೆ 2008ರಲ್ಲಿ ಪಶ್ಚಿಮ ಲಂಡನ್ನಿನಲ್ಲಿ 'ಮೊಸಾಯಿಕ್ ರೂಮ್ಸ್' ಗ್ಯಾಲರಿ ಬಂತು. ಅದರ ಹಿಂದೆ ಇದ್ದಿದ್ದು ಖತ್ತಾನ್ ಪ್ರತಿಷ್ಠಾನ. ಪ್ಯಾಲೆಸ್ಟೀನಿನಿಂದ ಹೊರಬಿದ್ದು ಕುವೈತ್‌ನಲ್ಲಿ ಉದ್ಯಮ ಬೆಳೆಸಿದ ಅಬ್ದುಲ್ ಮೊಹ್ಸಿನ್ ಖತ್ತಾನ್ ಅವರ ಸಂಸ್ಥೆ. ಇಷ್ಟೆಲ್ಲ ಇದ್ದ ಊರಿನಲ್ಲಿ 2011ರ ಜುಲೈನಲ್ಲಿ 'ಶುಬ್ಬಾಕ್' ಶುರುವಾಯಿತು. ಆಗ ಮೇಯರ್ ಆಗಿದ್ದವರು ಬೋರಿಸ್ ಜಾನ್ಸನ್. ಬ್ರಿಟಿಷ್ ಮ್ಯೂಸಿಯಂ, ಬಾರ್ಬಿಕನ್‌ನಂಥ ದೊಡ್ಡ ಸಂಸ್ಥೆಗಳು ಸೇರಿಕೊಂಡವು. ಹಾಗೆ ನೋಡಿದರೆ ಇದು ನಗರದ ಪ್ರತಿಷ್ಠೆಯ ಕಾರ್ಯಕ್ರಮ.

ಆದರೆ ಆ ವರ್ಷ ಬೇರೆಯೇ ಆಗಿತ್ತು. ಜನವರಿ 14ರಂದು ಟುನೀಷಿಯಾದ ಬಿನ್ ಅಲಿ ಓಡಿಹೋದರು. ಫೆಬ್ರವರಿ 11ರಂದು ಈಜಿಪ್ಟಿನ ಮುಬಾರಕ್ ಇಳಿದರು. ಸಿರಿಯಾದಲ್ಲಿ ಜನ ಬೀದಿಗಿಳಿದಿದ್ದರು. ಜುಲೈ ಹೊತ್ತಿಗೆ ಬಂದ ಪ್ರೇಕ್ಷಕರು ಅರಬ್ ಕಲಾವಿದರಿಂದ ಬಯಸಿದ್ದು ಕ್ರಾಂತಿಯ ಸುದ್ದಿಯನ್ನು. ಈ ಹೊರೆ ಇವತ್ತಿಗೂ ಇಳಿದಿಲ್ಲ. ಕೈರೋದ ನೃತ್ಯಗಾರ್ತಿ ಪ್ರೀತಿಯ ಬಗ್ಗೆ ಕುಣಿದರೂ ಪ್ರಶ್ನೆ ಬರುವುದು ರಾಜಕೀಯದ ಬಗ್ಗೆ. ಸುಮ್ನೆ ಕಲಾವಿದೆಯಾಗಿ ಇರುವ ಹಕ್ಕು ಅವಳಿಗೂ ಬೇಕು.

2013ರ ಎರಡನೇ ಉತ್ಸವದ ಹೊತ್ತಿಗೆ ಶುಬ್ಬಾಕ್ ಮೇಯರ್ ಕಚೇರಿಯಿಂದ ಬಿಡಿಸಿಕೊಂಡು ಸ್ವತಂತ್ರ ಸಂಸ್ಥೆಯಾಯಿತು. ಎರಡು ವರ್ಷಕ್ಕೊಮ್ಮೆ ನಡೆಯತೊಡಗಿತು. ಟ್ರಸ್ಟಿಗಳ ಅಧ್ಯಕ್ಷರಾದವರು ಒಮರ್ ಅಲ್ ಖತ್ತಾನ್, ಅಬ್ದುಲ್ ಮೊಹ್ಸಿನ್ ಅವರ ಮಗ, ಸಿನಿಮಾ ನಿರ್ದೇಶಕ. ಕಲಾ ನಿರ್ದೇಶಕ ಎಕ್‌ಹಾರ್ಟ್ ಟೀಮನ್ ನೃತ್ಯದ ಹಿನ್ನೆಲೆಯವರು. ಆಡಳಿತ ನೋಡಿಕೊಂಡವರು ಡೇನಿಯಲ್ ಗೋರ್ಮನ್. ಇವರು ಉತ್ಸವವನ್ನು ಊರಿನೊಳಗೆ ಹರಡಿದರು. ಬ್ರಿಟಿಷ್ ಲೈಬ್ರರಿಯಲ್ಲಿ ಅರಬ್ ಸಾಹಿತ್ಯಕ್ಕೇ ಅಂತ ದಿನಗಳನ್ನು ಇಟ್ಟರು. 2017ರಲ್ಲಿ ಪ್ಯಾಲೆಸ್ಟೀನಿನ ಜೆನಿನ್ ನಿರಾಶ್ರಿತರ ಶಿಬಿರದ ನಟ ಅಹ್ಮದ್ ತೊಬಾಸಿ ತಮ್ಮ ಬದುಕಿನ ಕಥೆಯೇ ಇರುವ ಏಕವ್ಯಕ್ತಿ ನಾಟಕವನ್ನು ತಾವೇ ಆಡಿದರು. ಬರೆದವರು ಲಂಡನ್ನಿನಲ್ಲಿರುವ ಇರಾಕಿ ಮೂಲದ ನಾಟಕಕಾರ ಹಸನ್ ಅಬ್ದುರ್ರಜ್ಜಾಕ್.

ಟೀಮನ್, ಗೋರ್ಮನ್ ಇಬ್ಬರೂ ಅರಬ್ ಮೂಲದವರಲ್ಲ. ಅವರ ದುಡಿಮೆ ದೊಡ್ಡದು. ಆದರೂ ಯಾವುದು ಒಳ್ಳೆಯ ಅರಬ್ ಕಲೆ ಎಂದು ಆರಿಸುವ ಕುರ್ಚಿಯಲ್ಲಿ ಅರಬ್ಬರೂ ಕೂರಬೇಕು ಎನ್ನುವುದು ನ್ಯಾಯವಾದ ಮಾತೇ. 2023ರ ಉತ್ಸವದ ಹೊತ್ತಿಗೆ ಚುಕ್ಕಾಣಿ ಆಲಿಯಾ ಅಲ್‌ಝೂಗ್ಬಿ ಮತ್ತು ತಗ್ರೀದ್ ಶುಕೇರ್ ವಿಝೋಸೊ ಅವರ ಕೈಯಲ್ಲಿತ್ತು. ಇಬ್ಬರೂ ಮಹಿಳೆಯರು, ಇಬ್ಬರೂ ಅರಬ್ ಮೂಲದವರು. ಲಿವರ್‌ಪೂಲ್‌ನಲ್ಲಿ ಮೊದಲ ದಿನದಿಂದ ಇದ್ದಿದ್ದು ಲಂಡನ್ನಿಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು.

ಹಣದ ಮಾತು ಬೇಗ ಹೇಳಿಬಿಡಬಹುದು. ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್‌ನ ಅನುದಾನ, ಖಾಸಗಿ ಪ್ರತಿಷ್ಠಾನಗಳು, ಸ್ವಲ್ಪ ಟಿಕೆಟ್ ಹಣ. ಎಷ್ಟೋ ಕಾರ್ಯಕ್ರಮ ಉಚಿತ.

ವೀಸಾದ ಮಾತು ಅಷ್ಟು ಬೇಗ ಮುಗಿಯುವುದಿಲ್ಲ. ಡಮಾಸ್ಕಸ್‌ನ ಬ್ರಿಟಿಷ್ ರಾಯಭಾರ ಕಚೇರಿ 2012ರಲ್ಲಿ ಮುಚ್ಚಿತು. ಯೆಮೆನ್ ರಾಜಧಾನಿ ಸನಾದ ಕಚೇರಿ 2015ರಲ್ಲಿ ಮುಚ್ಚಿತು. ಯುದ್ಧದ ನಡುವೆ ಇರುವ ಯೆಮೆನಿ ಗಾಯಕ ಲಿವರ್‌ಪೂಲ್‌ಗೆ ಬರಬೇಕಾದರೆ ಮೊದಲು ಬೇರೆ ದೇಶಕ್ಕೆ ಹೋಗಬೇಕು. ಅಲ್ಲಿ ಹೋಗಲೂ ವೀಸಾ. ಅಲ್ಲಿ ಬೆರಳಚ್ಚು, ಬ್ಯಾಂಕ್ ಲೆಕ್ಕ, ವಾರಗಟ್ಟಲೆ ಕಾಯುವುದು. ಕೊನೆಗೆ ಇಲ್ಲ ಅನ್ನಬಹುದು. ಗಾಜಾದ ಕಲಾವಿದರಿಗೆ ಗಡಿ ದಾಟುವುದೇ ಮೊದಲ ಅಡ್ಡಿ. ಒಂದು ಕಾಲದಲ್ಲಿ ಇದೇ ಯೆಮೆನಿಗಳನ್ನು ಕಲ್ಲಿದ್ದಲು ಹಾಕಲು ಕರೆತಂದ ದೇಶ ಇದು. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ.

ಹೀಗಾಗಿ ಉತ್ಸವದ ಸಣ್ಣ ಕಚೇರಿಯಲ್ಲಿ ಕಾರ್ಯಕ್ರಮ ಆರಿಸುವವರಷ್ಟೇ ಮುಖ್ಯರಾದವರು ಆಹ್ವಾನ ಪತ್ರ ಬರೆಯುವವರು, ಅರ್ಜಿ ತುಂಬಿಸುವವರು, ನಿರಾಕರಣೆ ಬಂದಾಗ ಸಂಸದರಿಗೆ ಫೋನ್ ಮಾಡುವವರು. ಪೋಸ್ಟರಿನಲ್ಲಿ ಅವರ ಹೆಸರಿಲ್ಲ.

ನೆಲ ಹದ ಮಾಡಿದ ಹಳೆಯ ಸಂಸ್ಥೆಗಳೂ ಈಗ ಒಂದೊಂದಾಗಿ ಮುಚ್ಚುತ್ತಿವೆ. 'ಬನಿಪಾಲ್' 2022ರಲ್ಲಿ ನಿಂತಿತು. ಅದೇ ವರ್ಷದ ಕೊನೆಗೆ 'ಸಾಖಿ' ಪುಸ್ತಕದಂಗಡಿಯೂ ಬಾಗಿಲು ಹಾಕಿತು. ಅರಬ್ಬಿ ಪುಸ್ತಕಗಳ ಬೆಲೆ, ಸಾಗಣೆ ಖರ್ಚು ಎರಡೂ ಏರಿದ್ದವು. ಲೆಬನಾನಿನ ಆರ್ಥಿಕತೆ ಕುಸಿದಿತ್ತು. ಪ್ರಕಾಶನ ಮಾತ್ರ ನಡೆಯುತ್ತಿದೆ. ಲಿವರ್‌ಪೂಲ್‌ನಲ್ಲಿ ಅಮೀನಾ ಅತೀಖ್ ಅವರಂಥ ಹೊಸ ತಲೆಮಾರಿನ ಯೆಮೆನಿ ಕವಿಗಳು ಊರಿನ ಇಂಗ್ಲಿಷ್ ಧಾಟಿಯಲ್ಲೇ ಯೆಮೆನ್ ಬಗ್ಗೆ ಓದುತ್ತಿದ್ದಾರೆ. ಅವರಿಗೆ ವೀಸಾ ಬೇಕಿಲ್ಲ.